ಆರ್ಡರ್ ತಡೆಯುವವರು

ಚಿಕ್ಕಮ್ಮನ ಚೆಕಪ್ ಮುಗಿಸಿ ಮಣಿಪಾಲದಿಂದ ಇಳಿದು ಬಂದು, ಉಡುಪಿ ರಥಬೀದಿ ಹತ್ತಿರ ಗೋಳಿಬಜೆಗೆ ಕೂತಿದ್ದೆವು. ಹೊರಗೆ ಧೋ ಮಳೆ.

"ಜೀನ್ ಹಾಳಾದ್ರೆ ಮಾತ್ರವಾ ಈ ಸ್ತನ ಕ್ಯಾನ್ಸರ್ ಬರುವುದು ಮಾರಾಯ್ತಿ?" ಚಿಕ್ಕಮ್ಮ ಕೇಳಿದರು.

ಸಪ್ಲಾಯರ್ ಅಡುಗೆಮನೆಗೆ ಆರ್ಡರ್ ಕೂಗುವುದನ್ನೇ ತೋರಿಸಿದೆ. ಕೆಲವೊಮ್ಮೆ ಜೀನ್ ಸರಿಯೇ ಇರುತ್ತದೆ, ಪ್ರೋಟೀನ್ ಮಾಡಲು ಅದು ಕಳಿಸಿದ ಆರ್ಡರ್ ಮಾತ್ರ ಒಳಗೆ ಮುಟ್ಟುವುದಿಲ್ಲ. ದಾರಿಯಲ್ಲಿ ತಡೆಯುವುದು ಕೋಶದೊಳಗಿನ ಮೈಕ್ರೋ ಆರ್‌ಎನ್‌ಎ ಎಂಬ ಪುಟ್ಟ ತುಣುಕು. ಉದ್ದ ಸುಮಾರು 22 ಜೆನೆಟಿಕ್ ಅಕ್ಷರ, ಅಷ್ಟೇ! 1993ರಲ್ಲಿ ಒಂದು ಪುಟಾಣಿ ಹುಳದಲ್ಲಿ ಸಿಕ್ಕಿದ್ದಕ್ಕೆ ನೊಬೆಲ್ ಬಂದದ್ದು 2024ರಲ್ಲಿ. ಸ್ತನ ಕ್ಯಾನ್ಸರ್ ಗಡ್ಡೆಗಳಲ್ಲಿ ಮಿರ್-21 ಎಂಬ ಮೈಕ್ರೋ ಆರ್‌ಎನ್‌ಎ ಹೆಚ್ಚಾಗಿ ಕಾಣುತ್ತದೆ. ಕೋಶದ ಬೆಳವಣಿಗೆಗೆ ಬ್ರೇಕ್ ಹಾಕುವ ಪಿಟೆನ್ ಜೀನಿನ ಆರ್ಡರನ್ನೇ ಅದು ನುಂಗಿಬಿಡುತ್ತದೆ. ಮಿರ್-200 ಗುಂಪಿನವು ಬೇರೆ ಜಾತಿ, ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವಂತೆ ನೋಡಿಕೊಳ್ಳುತ್ತವೆ. ಅವು ಕಡಿಮೆಯಾದರೆ ಕೋಶಗಳಿಗೆ ಊರು ಬಿಟ್ಟು ಮೈಯಲ್ಲಿ ಬೇರೆ ಕಡೆ ಹರಡುವ ಚಪಲ. (ನನ್ನ ಹೋಟೆಲ್ ಹೋಲಿಕೆ ಪೂರ್ತಿ ಸರಿಯಲ್ಲ, ಗೊತ್ತು. ಒಂದೇ ಮೈಕ್ರೋ ಆರ್‌ಎನ್‌ಎ ನೂರಾರು ಜೀನ್‌ಗಳ ಆರ್ಡರಿಗೆ ಕೈ ಹಾಕಬಲ್ಲದು. ಅದರಿಂದ ಮದ್ದು ಮಾಡುವುದು ಕಷ್ಟವಾಗಿರುವುದಕ್ಕೆ ಅದೂ ಒಂದು ಕಾರಣ.)

ಚಿಕ್ಕಮ್ಮ ಎಲ್ಲ ಕೇಳಿ, ಅಡುಗೆಮನೆಯ ಕಡೆ ಕತ್ತು ಚಾಚಿದರು.

"ನಮ್ಮ ಗೋಳಿಬಜೆಯನ್ನೂ ಯಾವುದೋ ಮಿರ್ ಹಿಡಿದಿಟ್ಟ ಹಾಗೆ ಉಂಟು."