ಮೊದಲು ಮೂತಿ ನಿಲ್ಲಲಿ, ಆಮೇಲೆ ಟ್ರಿಮ್

ಹೆಲಿಕಾಪ್ಟರ್ ಸಿಮ್ಯುಲೇಟರ್‌ನಲ್ಲಿ ಹಾರಾಟ ಹೇಳಿಕೊಡುವುದು ನನ್ನ ಕೆಲಸ. ಕಲಿಯಲು ಬರುವವರಲ್ಲಿ ವಿಮಾನ ಹಾರಿಸಿ ಗೊತ್ತಿರುವವರೂ ಇರುತ್ತಾರೆ, ಮನೆಯ ಕಂಪ್ಯೂಟರ್ ಮುಂದೆ ಜಾಯ್‌ಸ್ಟಿಕ್ ಹಿಡಿದು ಪಳಗಿದವರೂ ಇರುತ್ತಾರೆ. ಹೋವರ್, ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲುವುದು, ಕಷ್ಟ ಅಂತ ಎಲ್ಲರಿಗೂ ಮೊದಲೇ ಗೊತ್ತು, ಅದಕ್ಕೆ ತಯಾರಾಗಿಯೇ ಬಂದಿರುತ್ತಾರೆ. ಟ್ರಿಮ್, ಅಂದರೆ ಕೈ ಒತ್ತಿ ಹಿಡಿಯದಿದ್ದರೂ ಸ್ಟಿಕ್ ಬೇಕಾದ ಜಾಗದಲ್ಲೇ ನಿಲ್ಲುವ ಹಾಗೆ ಮಾಡುವುದು, ಅದರ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸಿಕೊಂಡಿರುವುದಿಲ್ಲ. ಅದೊಂದು ಬಟನ್ ತಾನೆ, ಒತ್ತಿದರಾಯ್ತು ಅನ್ನುವ ಲೆಕ್ಕ. ನಾನು ಮಾತ್ರ ಕಲಿಯುವವರ ಕೈ ಎಷ್ಟು ಪಳಗಿದೆ ಅಂತ ನೋಡುವುದು ಆ ಬಟನ್ ಒತ್ತುವ ಹೊತ್ತಿನಲ್ಲೇ.

ವಿಮಾನದಿಂದ ಬಂದವರ ತೊಂದರೆ ಒಂದು ಥರ. ವಿಮಾನದಲ್ಲಿ ಟ್ರಿಮ್ ಮಾಡುವುದೆಂದರೆ ಒಂದು ವೇಗವನ್ನು ಗೊತ್ತುಮಾಡಿದ ಹಾಗೆ. ಕೈ ಬಿಟ್ಟರೂ ಅದು ಸ್ವಲ್ಪ ಏರಿ, ಸ್ವಲ್ಪ ಇಳಿದು, ಕೊನೆಗೆ ಆ ವೇಗಕ್ಕೇ ಬಂದು ನಿಲ್ಲುತ್ತದೆ. ಹೆಲಿಕಾಪ್ಟರ್‌ಗೆ ಆ ಗುಣ ಇಲ್ಲ. ಆಟೋಪೈಲಟ್ ನೆರವಿಲ್ಲದಿದ್ದರೆ, ಒಂದು ಸಲ ಅಲುಗಿದ ಹೆಲಿಕಾಪ್ಟರ್ ತಾನಾಗಿ ಸರಿಹೋಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಎಷ್ಟೋ ಸಲ ಅಲುಗಾಟ ಬೆಳೆಯುತ್ತಲೇ ಹೋಗುತ್ತದೆ. ಇಲ್ಲಿ ಟ್ರಿಮ್ ಹಿಡಿದು ನಿಲ್ಲಿಸುವುದು ಸ್ಟಿಕ್ಕನ್ನು, ಹೆಲಿಕಾಪ್ಟರನ್ನಲ್ಲ.

ಒಳಗಿನ ಕೆಲಸ ಸರಳವೇ. ಹೈಡ್ರಾಲಿಕ್ಸ್ ಇರುವ ಹೆಲಿಕಾಪ್ಟರ್‌ನಲ್ಲಿ ರೋಟರ್‌ನ ಬಲ ಕೈವರೆಗೆ ಬರುವುದಿಲ್ಲ. ಸೈಕ್ಲಿಕ್, ಅಂದರೆ ಹೆಲಿಕಾಪ್ಟರನ್ನು ಹಿಂದೆ ಮುಂದೆ, ಎಡ ಬಲಕ್ಕೆ ವಾಲಿಸುವ ಸ್ಟಿಕ್, ಸಡಿಲವಾಗಿ ವಾಲಾಡುತ್ತದೆ. ಅದಕ್ಕೊಂದು ಹಿಡಿತ ಬರಲಿ ಅಂತ ಸ್ಪ್ರಿಂಗ್ ಹಾಕಿರುತ್ತಾರೆ. ಸ್ಪ್ರಿಂಗ್‌ನ ಒಂದು ತುದಿ ಸೈಕ್ಲಿಕ್ ಕಡೆಗೆ, ಇನ್ನೊಂದು ತುದಿ ಮ್ಯಾಗ್ನೆಟಿಕ್ ಬ್ರೇಕ್ ಕಡೆಗೆ. ಬಟನ್ ಒತ್ತಿ ಹಿಡಿದರೆ ಬ್ರೇಕ್ ಬಿಡುತ್ತದೆ, ಸ್ಪ್ರಿಂಗ್ ಎಳೆಯುವುದಿಲ್ಲ. ಬಟನ್ ಬಿಟ್ಟರೆ ಆ ಕ್ಷಣ ಸ್ಟಿಕ್ ಎಲ್ಲಿದೆಯೋ ಅಲ್ಲೇ ಬ್ರೇಕ್ ಹಿಡಿದುಕೊಳ್ಳುತ್ತದೆ. ಗೂಟಕ್ಕೆ ಕಟ್ಟಿದ ಕರುವನ್ನು ನೆನೆಸಿಕೊಳ್ಳಿ. ಟ್ರಿಮ್ ಮಾಡುವುದೆಂದರೆ ಗೂಟ ಕಿತ್ತು ಬೇರೆ ಕಡೆ ಹೊಡೆಯುವುದು, ಅಷ್ಟೆ. ಕರುವನ್ನು ಆ ಜಾಗಕ್ಕೆ ಕರೆದುಕೊಂಡು ಹೋಗುವುದು ನಿಮ್ಮದೇ ಕೆಲಸ. ಎಲ್ಲರೂ ಹ್ಯೂಯಿ ಅಂತ ಕರೆಯುವ ಯುಎಚ್-1 ಹೆಲಿಕಾಪ್ಟರ್‌ನಲ್ಲಿ, ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಕಾಲಿನ ಪೆಡಲ್‌ಗಳಿಗೂ ಇದೇ ಏರ್ಪಾಡು ಇದೆ. ಹಾಗಾಗಿ ಬಟನ್ ಒತ್ತುವಾಗ ಪಾದದ ಮೇಲೂ ಗಮನ ಬೇಕು. ಕೈ ನೋಡಿಕೊಂಡು ಕಾಲು ಮರೆತರೆ ಮೂತಿ ಪಕ್ಕಕ್ಕೆ ತಿರುಗುತ್ತದೆ.

ಇನ್ನು ಹೋವರ್‌ನಿಂದ ಮುಂದಕ್ಕೆ ಹೊರಡುವ ಹೊತ್ತು. ನಾನು ಅತಿ ಹೆಚ್ಚು ಸಮಯ ಕೊಡುವುದು ಇದಕ್ಕೇ. ರೋಟರ್ ಮೇಲಿನಿಂದ ನೋಡಿದರೆ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುವ ಹೆಲಿಕಾಪ್ಟರ್ ಅಂದುಕೊಳ್ಳಿ. ಬಾಲದಲ್ಲಿರುವ ಚಿಕ್ಕ ರೋಟರ್, ಅಂದರೆ ಟೇಲ್ ರೋಟರ್, ಇಡೀ ಯಂತ್ರವನ್ನು ಬಲಕ್ಕೆ ತಳ್ಳುತ್ತಿರುತ್ತದೆ. ಅದಕ್ಕೇ ಹೋವರ್‌ನಲ್ಲಿ ಸ್ಟಿಕ್ ಸ್ವಲ್ಪ ಎಡಕ್ಕಿರುತ್ತದೆ, ಎಡ ಪೆಡಲ್ ಒತ್ತಿರುತ್ತದೆ. ಈಗ ಮೂತಿ ತಗ್ಗಿಸಿದಿರಿ, ಹೆಲಿಕಾಪ್ಟರ್ ಹೊರಟಿತು. 10ರಿಂದ 20 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದೊಳಗೆ ಮೈ ನಡುಗುತ್ತದೆ, ಬಲಕ್ಕೆ ವಾಲಲು ನೋಡುತ್ತದೆ. 16ರಿಂದ 24 ನಾಟ್ ಹೊತ್ತಿಗೆ ರೋಟರ್ ತಾನೇ ಕಲಕಿದ ಗಾಳಿಯಿಂದ ಆಚೆ ಬಂದು ಹೊಸ ಗಾಳಿಗೆ ಬೀಳುತ್ತದೆ. ಎತ್ತುವ ಬಲ ಜಾಸ್ತಿಯಾಗುತ್ತದೆ, ಮೂತಿ ಮೇಲೇಳುತ್ತದೆ. ಅದನ್ನು ತಡೆಯಲು ಸ್ಟಿಕ್ ಇನ್ನೂ ಮುಂದಕ್ಕೆ ಹೋಗಬೇಕು. ವೇಗ ಮತ್ತೂ ಏರಿದರೆ ಬಾಲದಲ್ಲಿ ನೆಟ್ಟಗೆ ನಿಂತ ರೆಕ್ಕೆಯಂಥ ಫಿನ್ ಗಾಳಿ ಹಿಡಿಯಲು ಶುರು ಮಾಡುತ್ತದೆ, ಅಷ್ಟು ಎಡ ಪೆಡಲ್ ಬೇಕಾಗುವುದಿಲ್ಲ.

ಇಷ್ಟರ ನಡುವೆ ಸ್ಟಿಕ್ ಒಂದು ಕಡೆ ನಿಲ್ಲುವುದೇ ಇಲ್ಲ. ಹೊಸಬರು ಟ್ರಿಮ್ ಒತ್ತುವುದು ಸರಿಯಾಗಿ ಇಲ್ಲೇ. ಮೂತಿ ಎದ್ದಿತು, ಸ್ಟಿಕ್ ಮುಂದೆ ತಳ್ಳಿದರು, ಸ್ಪ್ರಿಂಗ್ ಎದುರು ಒತ್ತಿತು, ತಡೆಯಲಾರದೆ ಬಟನ್ ಒತ್ತಿಬಿಟ್ಟರು. ಆ ಕ್ಷಣದಲ್ಲಿ ಕೈ ಮಾಡುತ್ತಿದ್ದದ್ದು ತಿದ್ದುವ ಕೆಲಸ. ಟ್ರಿಮ್ ಆ ತಿದ್ದುಪಡಿಯನ್ನೇ ಹಿಡಿದಿಟ್ಟುಕೊಂಡಿತು. ಎರಡು ಸೆಕೆಂಡ್ ಕಳೆದ ಮೇಲೆ ಅಷ್ಟು ಮುಂದಕ್ಕೆ ಬೇಕಿರಲಿಲ್ಲ, ಮೂತಿ ನೆಲ ನೋಡುತ್ತದೆ. ಈಗ ಹಿಂದಕ್ಕೆ ಎಳೆದು ಮತ್ತೆ ಟ್ರಿಮ್. ಹೀಗೆ ಮೂತಿ ಏಳುತ್ತಾ ಬೀಳುತ್ತಾ ಹೋಗುತ್ತದೆ.

ಇದಕ್ಕೆ ನಾನು ಹೇಳಿಕೊಡುವ ದಾರಿ ಒಂದೇ. ಹೊರಡುವಾಗ ಬಟನ್ ಒತ್ತಿ ಹಿಡಿದೇ ಇರಿ. ಸ್ಪ್ರಿಂಗ್ ಇಲ್ಲದ ಕೈಯಲ್ಲಿ ಹಾರಿಸಿ. 60 ನಾಟ್ ದಾಟಿ, ಮೂತಿ ದಿಗಂತದ ಹತ್ತಿರ ಒಂದು ಕಡೆ ನಿಂತ ಮೇಲೆ ಬಟನ್ ಬಿಡಿ. ಚಿಕ್ಕ ಚಿಕ್ಕದಾಗಿ ಮತ್ತೆ ಮತ್ತೆ ಒತ್ತುತ್ತಾ ಹೋಗುವವರೂ ಇದ್ದಾರೆ, ಅದೂ ಸರಿಯಾದ ಕ್ರಮವೇ. ಆದರೆ ಅದಕ್ಕೆ ಕೈ ಪಳಗಿರಬೇಕು. ಶುರುವಿನಲ್ಲಿ ಹಿಡಿದೇ ಇರುವುದು ವಾಸಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಟ್ರಿಮ್ ಸರಿಯಾಗಿದೆಯಾ ಅಂತ ನೋಡಲು ನಾನು ಪರದೆ ನೋಡುವುದಿಲ್ಲ, ಅವರ ಬೆರಳು ನೋಡುತ್ತೇನೆ. ಒಬ್ಬ ಹುಡುಗ 90 ನಾಟ್‌ನಲ್ಲಿ ನೆಟ್ಟಗೆ ಹೋಗುತ್ತಿದ್ದ. ಎತ್ತರ ಸರಿ, ದಿಕ್ಕು ಸರಿ. ಆದರೆ ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು, ಮೊಣಕೈ ತೊಡೆಯಿಂದ ಮೇಲೆದ್ದಿತ್ತು. "ಸಾರ್, ಕೈ ನೋಯ್ತಾ ಇದೆ" ಅಂದ. "ಬೆರಳು ಬಿಚ್ಚಿ ನೋಡಿ, ಅಂಗೈ ಮಾತ್ರ ಹತ್ತಿರ ಇರಲಿ" ಅಂದೆ. ಬಿಚ್ಚಿದ ಕೂಡಲೇ ಸ್ಟಿಕ್ ಹಿಂದಕ್ಕೆ ಬಂತು, ಮೂತಿ ಎದ್ದಿತು. ಅಷ್ಟೂ ಹೊತ್ತು ಸ್ಪ್ರಿಂಗ್ ಜೊತೆ ಜಗಳ ಆಡುತ್ತಾ ಹಾರಿಸಿದ್ದ. ಮತ್ತೆ ಮೂತಿ ಜಾಗಕ್ಕೆ ತಂದು, ಮೂರು ಎಣಿಸಿ, ಬಟನ್ ಒತ್ತಿ ಬಿಟ್ಟ. ಈ ಸಲ ಬೆರಳು ಬಿಚ್ಚಿದಾಗ ಸ್ಟಿಕ್ ಅಲುಗಲಿಲ್ಲ, ಮೊಣಕೈ ತಾನಾಗಿ ತೊಡೆಗೆ ಇಳಿಯಿತು. ಆಮೇಲೆ ರೇಡಿಯೊ ಮಾತು, ನಕ್ಷೆ ನೋಡುವುದು ಎಲ್ಲಕ್ಕೂ ಅವನಿಗೆ ತಲೆ ಖಾಲಿ ಸಿಕ್ಕಿತು. ಟ್ರಿಮ್‌ನ ದೊಡ್ಡ ಉಪಯೋಗ ಇದೇ ಅಲ್ವಾ?

ಮನೆಯ ಜಾಯ್‌ಸ್ಟಿಕ್‌ನಲ್ಲಿ ಒಂದು ಹೆಚ್ಚಿನ ತೊಡಕಿದೆ. ಅದರ ಸ್ಪ್ರಿಂಗ್ ಯಾವಾಗಲೂ ನಡುವಿಗೇ ಎಳೆಯುತ್ತದೆ, ಆ ನಡುವನ್ನು ಸರಿಸಲು ಆಗುವುದಿಲ್ಲ. ಸ್ಟಿಕ್ ಮುಂದೆ ಹಿಡಿದು ಟ್ರಿಮ್ ಒತ್ತಿದರೆ, ಸಿಮ್ಯುಲೇಟರ್ ಅಷ್ಟನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ನಿಮ್ಮ ಕೈ ಇನ್ನೂ ಮುಂದೆಯೇ ಇದ್ದರೆ ಅದೂ ಸೇರಿ ಎರಡರಷ್ಟಾಗುತ್ತದೆ. ಮೂತಿ ಧುಮುಕುತ್ತದೆ. ಬಟನ್ ಬಿಟ್ಟ ತಕ್ಷಣ ಸ್ಟಿಕ್ಕನ್ನು ನಡುವಿಗೆ ಬಿಡುವುದು ರೂಢಿಯಾಗಬೇಕು. ಡಿಸಿಎಸ್ ಸಿಮ್ಯುಲೇಟರ್‌ನಲ್ಲಿ ಇದಕ್ಕೇ ಒಂದು ಆಯ್ಕೆ ಇದೆ: ಟ್ರಿಮ್ ಒತ್ತಿದ ಮೇಲೆ ಸ್ಟಿಕ್ ನಡುವಿಗೆ ಬರುವವರೆಗೂ ಅದು ನಿಮ್ಮ ಕೈಯ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಾಮೂಲಿ ಜಾಯ್‌ಸ್ಟಿಕ್ ಇರುವವರು ಅದನ್ನೇ ಹಾಕಿಕೊಳ್ಳಿ. ಪೆಡಲ್ ಟ್ರಿಮ್ ಕೂಡ ಆನ್ ಮಾಡಿದ್ದರೆ ಕಾಲನ್ನೂ ನಡುವಿಗೆ ತರಬೇಕು. ಪೆಡಲ್ ಕೂದಲೆಳೆಯಷ್ಟು ಓರೆ ಇದ್ದರೂ ಅದು ಸತ್ತ ಹಾಗೆ ಸುಮ್ನೆ ಕೂರಬಹುದು. ಆಗ ಸಣ್ಣ ಡೆಡ್‌ಝೋನ್, ಅಂದರೆ ನಡುವಿನ ಸುತ್ತ ಸಿಮ್ಯುಲೇಟರ್ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ, ಕೊಟ್ಟರೆ ಸಾಕು. ಮೋಟರ್ ಇರುವ ಫೋರ್ಸ್ ಫೀಡ್‌ಬ್ಯಾಕ್ ಸ್ಟಿಕ್ ಇದ್ದರೆ ಈ ರಗಳೆ ಇಲ್ಲ, ಗೂಟ ನಿಜವಾಗಿಯೂ ಸರಿಯುತ್ತದೆ.

ಆಟೋಪೈಲಟ್ ಇರುವ ಹೆಲಿಕಾಪ್ಟರ್‌ಗಳಲ್ಲಿ ಟ್ರಿಮ್ ಬಟನ್‌ಗೆ ಇನ್ನೊಂದು ಕೆಲಸವೂ ಇದೆ. ರಷ್ಯಾದ ಯುದ್ಧ ಹೆಲಿಕಾಪ್ಟರ್ ಕೆಎ-50 ಇದಕ್ಕೆ ಒಳ್ಳೆಯ ಉದಾಹರಣೆ. ಬಟನ್ ಬಿಟ್ಟ ಕ್ಷಣದ ಓರೆ, ದಿಕ್ಕು ಎಲ್ಲವನ್ನೂ ಆಟೋಪೈಲಟ್ ತನ್ನ ಗುರಿ ಅಂತ ಇಟ್ಟುಕೊಳ್ಳುತ್ತದೆ. ಬಟನ್ ಮುಟ್ಟದೆ ಸುಮ್ನೆ ಸ್ಟಿಕ್ ತಳ್ಳಿ ತಿರುಗಿದರೆ, ಕೈ ಸಡಿಲಿಸಿದ ಕೂಡಲೇ ಅದು ಮೂತಿಯನ್ನು ಹಳೇ ದಿಕ್ಕಿಗೆ ಎಳೆಯುತ್ತದೆ. "ಸಾರ್, ಇದು ನನ್ನ ಮಾತೇ ಕೇಳ್ತಿಲ್ಲ" ಅಂತ ಎಷ್ಟೋ ಜನ ಹೇಳಿದ್ದಾರೆ. ಅದು ಕೇಳುತ್ತಿದೆ, ನೀವು ಹಿಂದೆ ಹೇಳಿದ್ದನ್ನು. ಕೆಎ-50 ಮತ್ತು ರಷ್ಯಾದ್ದೇ ಇನ್ನೊಂದು ಹೆಲಿಕಾಪ್ಟರ್ ಎಂಐ-8ರಲ್ಲಿ ಆಟೋಪೈಲಟ್‌ಗೆ ಕಂಟ್ರೋಲ್‌ಗಳ ಒಟ್ಟು ಓಡಾಟದಲ್ಲಿ ಸುಮಾರು 20 ಶೇಕಡಾ ಅಧಿಕಾರ ಮಾತ್ರ. ಅದರ ಜೊತೆ ಕುಸ್ತಿ ಆಡುತ್ತಿದ್ದರೆ ಆ 20 ಶೇಕಡಾ ಅಲ್ಲೇ ಖರ್ಚಾಗಿ, ಅಲುಗಾಟ ತಡೆಯಲು ಅದರ ಹತ್ತಿರ ಏನೂ ಉಳಿಯುವುದಿಲ್ಲ. ತಿರುಗುವ ಮುಂಚೆ ಬಟನ್ ಒತ್ತಿ ಹಿಡಿಯಿರಿ, ತಿರುಗಿ, ಮೂತಿ ನಿಂತ ಮೇಲೆ ಬಿಡಿ.

ಹೆಬ್ಬೆರಳಿಗೆ ಸಿಗುವ ನಾಲ್ಕು ದಿಕ್ಕಿನ ಪುಟ್ಟ ಟ್ರಿಮ್ ಸ್ವಿಚ್ ಸಣ್ಣ ತಿದ್ದುಪಡಿಗೆ ಮಾತ್ರ. ವೇಗ ಎರಡು ಮೂರು ನಾಟ್ ಕಡಿಮೆ ಇದ್ದರೆ ಒಂದು ಸಲ ಮುಂದಕ್ಕೆ ತಟ್ಟಿ, ಕಾಯಿರಿ. ಮೂತಿ ಬದಲಾದ ಎಷ್ಟೋ ಹೊತ್ತಿನ ಮೇಲೆ ವೇಗ ಬದಲಾಗುವುದು. ಮುಳ್ಳು ಕದಲಲಿಲ್ಲ ಅಂತ ಮತ್ತೆ ಮತ್ತೆ ತಟ್ಟಿದರೆ ಗುರಿ ದಾಟಿ ಹೋಗುತ್ತೀರಿ.

ಕೊನೆಯದಾಗಿ ಟ್ರಿಮ್ ರೀಸೆಟ್. ಕೆಲವು ಸಿಮ್ಯುಲೇಟರ್‌ಗಳಲ್ಲಿ ಎಲ್ಲ ಟ್ರಿಮ್ಮನ್ನೂ ಒಮ್ಮೆಗೇ ಸೊನ್ನೆಗೆ ತರುವ ಕೀ ಇರುತ್ತದೆ. ಗೊಂದಲವಾದಾಗ ಕೈ ಅಲ್ಲಿಗೇ ಹೋಗುತ್ತದೆ. ಹಾರುತ್ತಿರುವಾಗ ದಯವಿಟ್ಟು ಅದನ್ನು ಮುಟ್ಟಬೇಡಿ. 100 ನಾಟ್‌ನಲ್ಲಿ ಮುಂದಕ್ಕೆ ಕೂತಿದ್ದ ಸೈಕ್ಲಿಕ್ ಒಂದೇ ಏಟಿಗೆ ನಡುವಿಗೆ ಹಾರಿದರೆ ಮೂತಿ ಆಕಾಶ ನೋಡುತ್ತದೆ. ನೆಲದ ಮೇಲೆ, ಎಂಜಿನ್ ಶುರು ಮಾಡುವ ಮುಂಚೆ ಒಂದು ಸಲ ಒತ್ತಿ. ಕಂಟ್ರೋಲ್ ತೋರಿಸುವ ಪಟ್ಟಿಯಲ್ಲಿ ಸೈಕ್ಲಿಕ್, ಪೆಡಲ್ ಎರಡೂ ನಡುವಿನಲ್ಲಿವೆಯಾ ನೋಡಿಕೊಂಡು ಹೊರಡಿ.