ಪ್ರತಿರೋಧ ಎಂದು ದಾಖಲಾದ ಒಂದು ಪ್ರಶ್ನೆ: ಬಿಲ್ ಪಾವತಿ ವಿಭಾಗಕ್ಕೆ ಎಐ ಬಂದಾಗ

ಪಾವತಿ ಕಡತ ಬ್ಯಾಂಕಿಗೆ ಹೋಗಲು ಅರ್ಧ ಗಂಟೆಯೂ ಉಳಿದಿರಲಿಲ್ಲ. ತ್ರೈಮಾಸಿಕದ ಕೊನೆಯ ರನ್ (ಬಿಲ್‌ಗಳನ್ನು ಒಟ್ಟಿಗೆ ಪಾವತಿಸುವ ಸುತ್ತು) ಆದ್ದರಿಂದ ಪ್ರಪೋಸಲ್, ಅಂದರೆ ಪಾವತಿಸಬೇಕಾದ ಬಿಲ್‌ಗಳ ಪಟ್ಟಿ, ಉದ್ದವಾಗಿತ್ತು. ಮೊದಲ ಅನುಮೋದನೆ ಸಿಕ್ಕಿತ್ತು, ಎರಡನೆಯದಕ್ಕೆ ಕಾಯುತ್ತಿದ್ದೆವು. ಆಗ ನಮ್ಮ ತಂಡದ ಅತ್ಯಂತ ಹಿರಿಯ ಪ್ರೊಸೆಸರ್ (ಬಿಲ್‌ಗಳನ್ನು ನಮೂದಿಸಿ ಪರಿಶೀಲಿಸುವವರು) ಪರದೆಯಿಂದ ಕಣ್ಣು ತೆಗೆಯದೆಯೇ ಹೇಳಿದರು: "ಸರ್, ಈ ನಿರ್ವಹಣಾ ಗುತ್ತಿಗೆದಾರರ ಹೆಸರು ಎರಡು ಕಡೆ ಇದೆ. ಮೊತ್ತವೂ ಒಂದೇ. ಎರಡನೆಯದನ್ನು ತಡೆಹಿಡಿಯಿರಿ."

ಇಆರ್‌ಪಿ (ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶ) ತೆರೆದು ನೋಡಿದೆ. ಇನ್‌ವಾಯ್ಸ್ ಸಂಖ್ಯೆಗಳು ಬೇರೆ ಬೇರೆ. ಒಂದೇ ಬಿಲ್ ಎರಡು ಬಾರಿ ಬಂದಿದೆಯೇ ಎಂದು ನೋಡುವ ಡೂಪ್ಲಿಕೇಟ್ ಚೆಕ್ ಎರಡನ್ನೂ ಬಿಟ್ಟುಕೊಟ್ಟಿತ್ತು. ಎರಡೂ ಟಚ್‌ಲೆಸ್ ಆಗಿಯೇ ಪೋಸ್ಟ್ ಆಗಿದ್ದವು, ನಡುವೆ ಯಾರ ಕೈಯೂ ತಗುಲಿರಲಿಲ್ಲ. ಬಿಲ್‌ಗಳನ್ನು ಓದಿ ನಮೂದಿಸುವ ನಮ್ಮ ಎಐ ಉಪಕರಣ ಎರಡನೆಯ ಬಿಲ್ಲಿಗೆ ಕೊಟ್ಟಿದ್ದ ಕಾನ್ಫಿಡೆನ್ಸ್ ಸ್ಕೋರ್ (ಖಚಿತತೆಯ ಅಂಕ) ಶೇ 97. ತಿಂಗಳಿಗೊಂದು ಬಿಲ್ ಕಳಿಸುವವರು, ಎರಡು ತಿಂಗಳದ್ದು ಒಟ್ಟಿಗೆ ಬಂದಿರಬಹುದು ಎಂದೆ. "ಹೋದ ತಿಂಗಳದ್ದು ಹಿಂದಿನ ರನ್ನಿನಲ್ಲೇ ಹೋಗಿದೆ" ಎಂಬ ಉತ್ತರ ತಕ್ಷಣ ಬಂತು.

ಪ್ರಪೋಸಲ್‌ನಿಂದ ಒಂದು ಸಾಲನ್ನು ತೆಗೆದರೆ ಆಗಿರುವ ಅನುಮೋದನೆ ರದ್ದಾಗುತ್ತದೆ. ಮತ್ತೆ ಇಬ್ಬರೂ ಅನುಮೋದಿಸಬೇಕು. ಮೊದಲ ಅನುಮೋದನೆ ಕೊಟ್ಟಿದ್ದವರು ಫೋನ್ ಮೌನಕ್ಕಿಟ್ಟು ಸಭೆಯಲ್ಲಿ ಕುಳಿತಿದ್ದರು. ಕಟ್‌ಆಫ್ ತಪ್ಪಿದರೆ ಪಟ್ಟಿಯಲ್ಲಿದ್ದ ಉಳಿದೆಲ್ಲರೂ ಮುಂದಿನ ಕೆಲಸದ ದಿನದವರೆಗೆ ಕಾಯಬೇಕು. ಆ ಪಟ್ಟಿಯಲ್ಲಿ ನಮ್ಮಿಂದ ಬರುವ ಹಣದಲ್ಲೇ ತಮ್ಮ ಕೆಲಸಗಾರರಿಗೆ ಸಂಬಳ ಕೊಡುವ ಸಣ್ಣ ಪೂರೈಕೆದಾರರಿದ್ದರು. ಹತ್ತು ದಿನದೊಳಗೆ ಕೊಟ್ಟರೆ ಶೇ 2 ಕಡಿತ ಎಂಬ ಷರತ್ತಿನ ಬಿಲ್‌ಗಳೂ ಇದ್ದವು, ಅವುಗಳ ಹತ್ತನೆಯ ದಿನ ಅಂದೇ. ಹಣಕಾಸು ಮುಖ್ಯಸ್ಥರಿಗೆ ಫೋನ್ ಮಾಡಿದೆ. "ಕಳಿಸಿಬಿಡಿ, ಎರಡು ಬಾರಿ ಹೋಗಿದ್ದರೆ ಆಮೇಲೆ ಕ್ರೆಡಿಟ್ ನೋಟ್ ತರಿಸಿಕೊಳ್ಳೋಣ" ಎಂದರು. ಹೆಚ್ಚು ಹೋದ ಮೊತ್ತವನ್ನು ಪೂರೈಕೆದಾರರು ನಮಗೆ ಜಮೆ ತೋರಿಸಿ ಕೊಡುವ ಪತ್ರ ಅದು. ಒಂದು ಕ್ಷಣ ನನಗೂ ಅದೇ ಸರಿ ಎನಿಸಿತು. ಹಿರಿಯ ಸಹೋದ್ಯೋಗಿ ತಲೆಯಾಡಿಸಿದರು. "ಹೋಗುವ ಹಣವನ್ನು ತಡೆಯುವುದು ನಮ್ಮ ಕೈಯಲ್ಲಿದೆ ಸರ್, ಹೋದದ್ದನ್ನು ತರುವುದು ಅವರ ಕೈಯಲ್ಲಿರುತ್ತದೆ. ಎರಡು ನಿಮಿಷ ಕೊಡಿ."

ಎರಡೂ ಇಮೇಜ್‌ಗಳನ್ನು ಅಕ್ಕಪಕ್ಕ ಇಟ್ಟು ತಾಳೆ ನೋಡಿದೆವು. ಒಂದು ಪೋರ್ಟಲ್ ಮೂಲಕ ಬಂದ ಪಿಡಿಎಫ್. ಇನ್ನೊಂದು ಇಮೇಲ್‌ನಲ್ಲಿ ಬಂದ ಸ್ಕ್ಯಾನ್, ಅದರ ಬಲ ಮೇಲ್ತುದಿಯಲ್ಲಿ ಖಾತೆ ವಿವರಪಟ್ಟಿಯ ಉಲ್ಲೇಖ ಸಂಖ್ಯೆಯ ಮೊಹರು. ಉಪಕರಣ ಆ ಮೊಹರನ್ನೇ ಇನ್‌ವಾಯ್ಸ್ ಸಂಖ್ಯೆ ಎಂದು ತೆಗೆದುಕೊಂಡಿತ್ತು. ನಿಜವಾದ ಸಂಖ್ಯೆ ಕೆಳಗೆ ಸಣ್ಣ ಅಕ್ಷರದಲ್ಲಿತ್ತು, ಮೊದಲ ಬಿಲ್ಲಿನದ್ದೇ ಸಂಖ್ಯೆ. ಸೇವೆಯ ಅವಧಿಯೂ ಅದೇ. ಸೇವಾ ಗುತ್ತಿಗೆಯಾದ್ದರಿಂದ ಬ್ಲ್ಯಾಂಕೆಟ್ ಪಿಒ (ಒಟ್ಟು ಮಿತಿ ಹಾಕಿ ಕೊಡುವ ಖರೀದಿ ಆದೇಶ), ಅದಕ್ಕೆ ಜಿಆರ್‌ಎನ್ (ಸಾಮಗ್ರಿ ಬಂದಿದೆ ಎಂಬ ರಸೀದಿ) ಇಲ್ಲ. ಸಾಮಗ್ರಿಯ ಬಿಲ್ ಆಗಿದ್ದರೆ ಪಿಒ, ಜಿಆರ್‌ಎನ್, ಬಿಲ್ ಮೂರನ್ನೂ ತಾಳೆ ನೋಡುವ ತ್ರೀ-ವೇ ಮ್ಯಾಚ್‌ನಲ್ಲಿ ಸಿಕ್ಕಿಬೀಳುತ್ತಿತ್ತು. ಇಲ್ಲಿ ಪಿಒದಲ್ಲಿ ಮಿತಿ ಬಾಕಿ ಇತ್ತು, ಎರಡನೆಯ ಬಿಲ್ ಅದರೊಳಗೆ ಸಲೀಸಾಗಿ ಸೇರಿಕೊಂಡಿತ್ತು.

ಸಭೆಯ ಕೋಣೆಗೆ ಓಡಿ ಮೊದಲ ಅನುಮೋದಕರನ್ನು ಹೊರಗೆ ಕರೆತಂದೆ. ಸಾಲು ತೆಗೆದು, ಮತ್ತೆ ಎರಡು ಅನುಮೋದನೆ ಪಡೆದು, ಕಡತ ಕಳಿಸುವಾಗ ಕೆಲವೇ ನಿಮಿಷ ಉಳಿದಿದ್ದವು. ಮರುದಿನ ಪೂರೈಕೆದಾರರ ಲೆಕ್ಕಪತ್ರ ವಿಭಾಗ ದೃಢಪಡಿಸಿತು: ವಿವರಪಟ್ಟಿಯ ಜೊತೆ ಲಗತ್ತಿಸಿದ್ದ ಹಳೆಯ ಬಿಲ್ಲಿನ ಪ್ರತಿ ಅದು.

ಇದರಲ್ಲಿ ಉಪಕರಣ ಓದುವುದರಲ್ಲಿ ಎಡವಲಿಲ್ಲ ಎಂಬುದನ್ನು ಗಮನಿಸಬೇಕು. ಮೊಹರಿನ ಪ್ರತಿ ಅಂಕಿಯನ್ನೂ ಅದು ಸರಿಯಾಗಿ ಓದಿತ್ತು. ಶೇ 97 ಸಿಕ್ಕಿದ್ದು ಆ ಓದಿಗೆ. ಈ ಬಿಲ್ಲಿಗೆ ಹಣ ಕೊಡಬೇಕೇ ಎಂಬ ಪ್ರಶ್ನೆಯನ್ನು ಅದಕ್ಕೆ ಯಾರೂ ಕೇಳಿಯೇ ಇರಲಿಲ್ಲ. ಆದರೆ ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಆ ಅಂಕ ಹಸಿರು ಬಣ್ಣದಲ್ಲಿ ಕಾಣುತ್ತಿತ್ತು, ಹಸಿರು ಎಂದರೆ ಪಾವತಿಗೆ ಸಿದ್ಧ ಎಂದು ಎಲ್ಲರೂ ಓದುತ್ತಿದ್ದರು. ಒಂದು ದಾಖಲೆಗೆ ಕಾನ್ಫಿಡೆನ್ಸ್ ಸ್ಕೋರ್‌ನ ಒಂದೇ ಮಿತಿ ಇಡುವುದನ್ನು ಆ ವಾರವೇ ನಿಲ್ಲಿಸಿದೆವು. ಈಗ ಇನ್‌ವಾಯ್ಸ್ ಸಂಖ್ಯೆ, ಮೊತ್ತ, ತೆರಿಗೆ, ಪಿಒ ಸಂಖ್ಯೆ ಪ್ರತಿಯೊಂದಕ್ಕೂ ಬೇರೆ ಮಿತಿ ಇದೆ. ಜಿಆರ್‌ಎನ್ ಇಲ್ಲದ ಪಿಒಗಳಲ್ಲಿ ಅದೇ ಪೂರೈಕೆದಾರ, ಅದೇ ಮೊತ್ತ ಕಂಡರೆ ಸಂಖ್ಯೆ ಏನೇ ಇರಲಿ ಎಕ್ಸೆಪ್ಷನ್ ಕ್ಯೂಗೆ, ಅಂದರೆ ಮನುಷ್ಯರೇ ನೋಡಬೇಕಾದ ಬಿಲ್‌ಗಳ ಸಾಲಿಗೆ, ಹೋಗುತ್ತದೆ. ತಿಂಗಳ ಬಾಡಿಗೆಯಂತಹ ಬಿಲ್‌ಗಳೂ ಇದರಿಂದ ಕ್ಯೂಗೆ ಬರುತ್ತವೆ. ಬರಲಿ, ಸೇವೆಯ ಅವಧಿ ನೋಡಿ ಬಿಡುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ತಾಂತ್ರಿಕ ಭಾಗವನ್ನು ಹೀಗೆ ಸರಿಪಡಿಸಬಹುದಿತ್ತು, ಸರಿಪಡಿಸಿದೆವು. ನನ್ನನ್ನು ಇಂದಿಗೂ ಕಾಡುವುದು ಇನ್ನೊಂದು. ಉಪಕರಣ ಬಳಕೆಗೆ ಬರುವ ಗೋ-ಲೈವ್‌ಗೆ ತಿಂಗಳುಗಳ ಮೊದಲು ನಡೆದ ವಿನ್ಯಾಸ ಸಭೆಯಲ್ಲಿ ಇದೇ ಹಿರಿಯ ಸಹೋದ್ಯೋಗಿ ಕೇಳಿದ್ದರು: "ತ್ರೈಮಾಸಿಕದ ಕೊನೆಗೆ ಖಾತೆ ವಿವರಪಟ್ಟಿಯ ಜೊತೆ ಹಳೆಯ ಬಿಲ್‌ಗಳ ಪ್ರತಿ ಕಳಿಸುವವರಿದ್ದಾರೆ. ಅದು ಪ್ರತಿ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ?" ಡೂಪ್ಲಿಕೇಟ್ ಚೆಕ್ ಹಿಡಿಯುತ್ತದೆ ಎಂದು ಸಲಹೆಗಾರರು ಹೇಳಿದರು. "ಸಂಖ್ಯೆಯನ್ನೇ ತಪ್ಪು ಜಾಗದಿಂದ ತೆಗೆದರೆ?" ಎಂದು ಅವರು ಮತ್ತೆ ಕೇಳಿದರು. ಊಟದ ಹೊತ್ತು ಮೀರುತ್ತಿತ್ತು, ಸಭೆ ಮುಂದಕ್ಕೆ ಹೋಯಿತು. ಯೋಜನೆಯ ಅಪಾಯಗಳನ್ನು ದಾಖಲಿಸುವ ರಿಸ್ಕ್ ರಿಜಿಸ್ಟರ್‌ನಲ್ಲಿ ಆ ದಿನದ ಶರಾ ಹೀಗಿದೆ: ‘ಹಿರಿಯ ಸಿಬ್ಬಂದಿಯಿಂದ ಬದಲಾವಣೆಗೆ ಪ್ರತಿರೋಧ, ಹೆಚ್ಚುವರಿ ತರಬೇತಿ ಅಗತ್ಯ.’ ಅದನ್ನು ಬರೆದವನು ನಾನು.

ಅವರ ಪ್ರಶ್ನೆಯ ಹಿಂದೆ ಕೆಲಸ ಹೋಗುವ ಭಯವಿದೆ ಎಂದು ನಾನು ನಿರ್ಧರಿಸಿಬಿಟ್ಟಿದ್ದೆ. ಭಯ ಇತ್ತು, ಸುಳ್ಳಲ್ಲ. ಆದರೆ ಭಯವಿರುವವರು ಕೇಳುವ ಪ್ರಶ್ನೆ ನಿಖರವಾಗಿರಬಾರದು ಎಂದೇನಿಲ್ಲ. ಬದಲಾವಣೆ ನಿರ್ವಹಣೆಯ ತರಬೇತಿಗಳಲ್ಲಿ ಸಿಬ್ಬಂದಿಯನ್ನು ಬೆಂಬಲಿಸುವವರು, ತಟಸ್ಥರು, ವಿರೋಧಿಸುವವರು ಎಂದು ವಿಂಗಡಿಸುವುದನ್ನು ಕಲಿಸುತ್ತಾರೆ. ಬಿಲ್ ಪಾವತಿಯ ವಿಭಾಗಕ್ಕೆ ಈ ವಿಂಗಡಣೆ ಹೊಂದುವುದಿಲ್ಲ. ಇಲ್ಲಿ ಸಂಶಯಪಡುವುದೇ ಉದ್ಯೋಗ. ಒಪ್ಪಿಕೊಂಡು ಸುಮ್ಮನಿರುವ ಪ್ರೊಸೆಸರ್‌ಗಿಂತ, ಪ್ರತಿ ಕಾಗದವನ್ನೂ ಎರಡು ಬಾರಿ ತಿರುವಿ ನೋಡುವವರೇ ಸಂಸ್ಥೆಯ ಹಣ ಉಳಿಸುವುದು. ಆ ಗುಣಕ್ಕಾಗಿಯೇ ವರ್ಷಗಟ್ಟಲೆ ಅವರಿಗೆ ಸಂಬಳ ಕೊಟ್ಟು, ಹೊಸ ಉಪಕರಣ ಬಂದ ದಿನ ಅದನ್ನೇ ದೋಷವೆಂದು ದಾಖಲಿಸಿದೆವು.

ಟಚ್‌ಲೆಸ್ ಪ್ರಮಾಣವನ್ನು ತಂಡದ ಅಳತೆಗೋಲು ಮಾಡಿದ್ದು ಮೇಲಿನವರ ತೀರ್ಮಾನ. ಅದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ವಾರದ ಸಭೆಯಲ್ಲಿ ಮೊದಲ ಸ್ಲೈಡ್ ಅದೇ. ಸಂಖ್ಯೆ ಇಳಿದರೆ ಏಕೆ ಎಂದು ಕೇಳುತ್ತಿದ್ದರು, ಏರಿದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಸಂಶಯ ಬಂದ ಬಿಲ್ಲನ್ನು ತಡೆದರೆ ತಂಡದ ಅಂಕ ಬೀಳುತ್ತದೆ ಎಂದಾದರೆ ಯಾರು ತಡೆಯುತ್ತಾರೆ?

ಆ ಸಂಖ್ಯೆ ಸುಳ್ಳು ಹೇಳುತ್ತಿತ್ತು ಎಂಬುದು ಗೊತ್ತಾಗಿದ್ದು ಇನ್ನೂ ತಡವಾಗಿ. ಉಪಕರಣ ತಪ್ಪು ಕಾಸ್ಟ್ ಸೆಂಟರ್ (ವೆಚ್ಚ ಯಾವ ವಿಭಾಗಕ್ಕೆ ಸೇರಬೇಕು ಎಂಬುದು) ಅಥವಾ ತಪ್ಪು ತೆರಿಗೆ ಕೋಡ್ ಹಾಕಿದರೆ, ಅದರ ಪರದೆಯಲ್ಲೇ ಇಮೇಜ್ ಮೇಲಿನ ಸರಿಯಾದ ಜಾಗವನ್ನು ಗುರುತಿಸಿ ತಿದ್ದಬೇಕು. ಹಾಗೆ ತಿದ್ದಿದರೆ ಮಾತ್ರ ಅದು ಕಲಿಯುತ್ತದೆ. ಆ ಪರದೆ ತೆರೆದುಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ತಿಂಗಳ ಕೊನೆಯ ಒತ್ತಡದಲ್ಲಿ ನಮ್ಮವರು ಬಿಲ್ಲನ್ನು ಹಾಗೆಯೇ ಮುಂದಕ್ಕೆ ಬಿಟ್ಟು, ಆಮೇಲೆ ಇಆರ್‌ಪಿಯಲ್ಲಿ ನೇರವಾಗಿ ಸರಿಮಾಡುತ್ತಿದ್ದರು. ಕೆಲಸ ಸರಿಯಾಗಿಯೇ ಮುಗಿಯುತ್ತಿತ್ತು. ಆದರೆ ಉಪಕರಣದ ಲೆಕ್ಕದಲ್ಲಿ ಅದು ತಿದ್ದುಪಡಿಯಿಲ್ಲದ ಬಿಲ್. ಅದೇ ತಪ್ಪನ್ನು ಮರುತಿಂಗಳೂ ಮಾಡುತ್ತಿತ್ತು, ನಮ್ಮವರು ಮತ್ತೆ ತಿದ್ದುತ್ತಿದ್ದರು, ಡ್ಯಾಶ್‌ಬೋರ್ಡ್ ಮಾತ್ರ ಯಶಸ್ಸು ಎನ್ನುತ್ತಿತ್ತು. ಇದನ್ನು ಕಂಡುಕೊಳ್ಳಲು ಯಾವ ವರದಿಯೂ ನೆರವಾಗಲಿಲ್ಲ. ತಿಂಗಳ ಕೊನೆಯ ಒಂದು ಸಂಜೆ ಒಬ್ಬ ಕಿರಿಯ ಪ್ರೊಸೆಸರ್‌ನ ಪಕ್ಕದಲ್ಲಿ ಕುಳಿತು ನೋಡಿದಾಗ ಗೊತ್ತಾಯಿತು. ಪರದೆ ನಿಧಾನವಿದ್ದರೆ ಮಾಡೆಲ್ ಕಲಿಯುವುದಿಲ್ಲ ಎಂಬ ಸರಳ ಸಂಗತಿಯನ್ನು ಮಾರಾಟಗಾರರ ಡೆಮೋದಲ್ಲಿ ಯಾರೂ ಹೇಳಿರಲಿಲ್ಲ. ಡೆಮೋಗೆ ಬಳಸಿದ ಬಿಲ್‌ಗಳು ಮೊಹರಿಲ್ಲದ, ಮಡಿಕೆಯಿಲ್ಲದ, ಕೈಬರಹವಿಲ್ಲದ ಬಿಲ್‌ಗಳು.

ಹಳೆಯ ವಿಧಾನ ಮತ್ತು ಉಪಕರಣ ಎರಡನ್ನೂ ಜೊತೆಜೊತೆಗೆ ನಡೆಸಿ ನೋಡುವ ಪ್ಯಾರಲಲ್ ರನ್ನನ್ನೂ ತಿಂಗಳ ನಡುವಿನ ಶಾಂತ ವಾರಗಳಲ್ಲಿ ಮಾಡಿ ಮುಗಿಸಿದ್ದೆವು. ಒಂದು ತ್ರೈಮಾಸಿಕದ ಕೊನೆಯನ್ನಾದರೂ ಅದು ದಾಟಬೇಕಿತ್ತು.

ಕೆಲಸದ ಭಯದ ವಿಷಯಕ್ಕೆ ಬರುತ್ತೇನೆ. ‘ನಮ್ಮಲ್ಲಿ ಎಷ್ಟು ಜನ ಉಳಿಯುತ್ತೇವೆ?’ ಎಂಬ ಪ್ರಶ್ನೆಗೆ ಆಡಳಿತವರ್ಗ ಕೊಟ್ಟದ್ದು ‘ಹೆಚ್ಚು ಮೌಲ್ಯದ ಕೆಲಸದತ್ತ ಸಾಗುತ್ತೇವೆ’ ಎಂಬ ಸ್ಲೈಡ್. ಯಾವ ಕೆಲಸ, ಯಾರಿಗೆ, ಯಾವಾಗ ಎಂಬುದು ಅದರಲ್ಲಿರಲಿಲ್ಲ. ಉತ್ತರ ಸಿಗದವರು ತಮ್ಮಲ್ಲಿರುವ ತಿಳಿವಳಿಕೆಯನ್ನು ತಮ್ಮಲ್ಲೇ ಇಟ್ಟುಕೊಂಡರು. ಯಾವ ಪೂರೈಕೆದಾರರು ಸಾಗಣೆ ವೆಚ್ಚವನ್ನು ಬೇರೆ ಬಿಲ್ಲಿನಲ್ಲಿ ಕಳಿಸುತ್ತಾರೆ, ಯಾರ ಕ್ರೆಡಿಟ್ ನೋಟ್ ಬಿಲ್ಲಿನಂತೆಯೇ ಕಾಣುತ್ತದೆ, ಯಾರ ಘಟಕಬೆಲೆ ನೂರು ನಗಕ್ಕೆ ಲೆಕ್ಕ, ಇವೆಲ್ಲ ಅವರ ನೋಟ್‌ಬುಕ್‌ಗಳಲ್ಲಿದ್ದವು. ಅದನ್ನು ತನ್ನ ಜಾಗ ಉಳಿಯುತ್ತದೆಯೇ ಎಂದು ಗೊತ್ತಿಲ್ಲದ ಮನುಷ್ಯ ಏಕೆ ಹಂಚಿಕೊಳ್ಳಬೇಕು? ಆ ಪಾವತಿಯ ಘಟನೆಯ ನಂತರ ನಾನು ಹಣಕಾಸು ಮುಖ್ಯಸ್ಥರ ಮುಂದೆ ಕುಳಿತು ಒಂದೇ ವಿಷಯಕ್ಕೆ ಹಟ ಹಿಡಿದೆ. ಕೊನೆಗೆ ಅವರೇ ಬಂದು ತಂಡಕ್ಕೆ ಹೇಳಿದರು: ಯಾರನ್ನೂ ತೆಗೆಯುವುದಿಲ್ಲ, ತಾವಾಗಿ ಬಿಟ್ಟುಹೋದವರ ಜಾಗವನ್ನು ತುಂಬುವುದೂ ಇಲ್ಲ. ಎರಡನೆಯ ಮಾತು ಕಹಿಯಾಗಿತ್ತು. ಆದರೂ ಆ ವಾರದಿಂದಲೇ ನೋಟ್‌ಬುಕ್‌ಗಳು ಮೇಜಿನ ಮೇಲೆ ಬಂದವು. ಕಹಿ ಸತ್ಯವನ್ನು ಜನ ತಾಳಿಕೊಳ್ಳುತ್ತಾರೆ, ಅಸ್ಪಷ್ಟತೆಯನ್ನು ತಾಳಿಕೊಳ್ಳುವುದಿಲ್ಲ.

ಇನ್ನೊಂದು ವಿಷಯದಲ್ಲಿ ಮಾತ್ರ ನಮ್ಮ ತಂಡ ಮೊದಲಿನಿಂದಲೂ ಜಗ್ಗಲಿಲ್ಲ. ಬಿಲ್ಲಿನ ಮೇಲೆ ಹೊಸ ಬ್ಯಾಂಕ್ ಖಾತೆ ಕಂಡರೆ ವೆಂಡರ್ ಮಾಸ್ಟರ್‌ಗೆ (ಪೂರೈಕೆದಾರರ ವಿವರಗಳ ಮೂಲ ದಾಖಲೆಗೆ) ತಿದ್ದುಪಡಿ ಸೂಚಿಸುವ ಸೌಲಭ್ಯ ಉಪಕರಣದಲ್ಲಿತ್ತು, ಸಮಯ ಉಳಿಯುತ್ತದೆ ಎಂದು ಅದನ್ನು ಚಾಲೂ ಮಾಡಲು ಒತ್ತಡವೂ ಇತ್ತು. ಹಿರಿಯ ಸಹೋದ್ಯೋಗಿ ಸಾರಾಸಗಟಾಗಿ ಬೇಡ ಎಂದರು. 2013ರಿಂದ 2015ರ ನಡುವೆ ಲಿಥುವೇನಿಯದ ಒಬ್ಬ ವಂಚಕ, ಏಷ್ಯಾದ ಹಾರ್ಡ್‌ವೇರ್ ತಯಾರಕ ಕಂಪನಿಯೊಂದರ ಹೆಸರಿನಲ್ಲೇ ಇನ್ನೊಂದು ಕಂಪನಿ ನೋಂದಾಯಿಸಿ, ನಕಲಿ ಇನ್‌ವಾಯ್ಸ್ ಮತ್ತು ಇಮೇಲ್‌ಗಳಿಂದ ಗೂಗಲ್ ಮತ್ತು ಫೇಸ್‌ಬುಕ್‌ನಿಂದ 12 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ತನ್ನ ಖಾತೆಗಳಿಗೆ ಹಾಕಿಸಿಕೊಂಡಿದ್ದ. 2019ರಲ್ಲಿ ಅಮೆರಿಕದ ನ್ಯಾಯಾಲಯ ಅವನಿಗೆ ಐದು ವರ್ಷ ಜೈಲು ವಿಧಿಸಿತು. ತಂತ್ರಜ್ಞಾನದಲ್ಲಿ ಆ ಎರಡು ಕಂಪನಿಗಳಿಗಿಂತ ಮುಂದಿರುವವರು ಎಷ್ಟು ಜನ? ಖಾತೆ ಬದಲಾವಣೆಯ ಪತ್ರ ಬಂದರೆ, ಪತ್ರದಲ್ಲಿರುವ ಸಂಖ್ಯೆಗಲ್ಲ, ನಮ್ಮ ಮಾಸ್ಟರ್‌ನಲ್ಲಿ ಮೊದಲೇ ಇರುವ ಸಂಖ್ಯೆಗೆ ಮನುಷ್ಯರೇ ಫೋನ್ ಮಾಡಿ ಕೇಳಬೇಕು. ಬಿಲ್ ನಮೂದಿಸುವವರು ಮಾಸ್ಟರ್ ಬದಲಾಯಿಸಬಾರದು ಎಂಬ ಹಳೆಯ ನಿಯಮ ಯಂತ್ರಕ್ಕೂ ಅನ್ವಯಿಸುತ್ತದೆ. ಆ ಸೌಲಭ್ಯ ಇವತ್ತಿಗೂ ಬಂದ್ ಆಗಿಯೇ ಇದೆ.

ನನಗೆ ಇನ್ನೂ ಪೂರ್ಣ ಉತ್ತರ ಸಿಗದಿರುವುದು ಹೊಸಬರ ವಿಷಯದಲ್ಲಿ. ಆ ಸಂಜೆ ಉದ್ದದ ಪಟ್ಟಿಯಲ್ಲಿ ಒಂದೇ ಮೊತ್ತದ ಎರಡು ಸಾಲುಗಳು ಹಿರಿಯರ ಕಣ್ಣಿಗೆ ಬಿದ್ದದ್ದು, ಅವರು ವರ್ಷಗಳ ಕಾಲ ಬಿಲ್‌ಗಳನ್ನು ಕೈಯಾರೆ ನಮೂದಿಸಿದ್ದರಿಂದ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಡ್ಜ್ 1983ರಲ್ಲೇ ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳ ಬಗ್ಗೆ ಇದೇ ಆತಂಕವನ್ನು ಬರೆದಿದ್ದರು: ಸುಲಭದ ಕೆಲಸವನ್ನು ಯಂತ್ರಕ್ಕೆ ಕೊಟ್ಟರೆ ಮನುಷ್ಯರಿಗೆ ಉಳಿಯುವುದು ಅತಿ ಕಷ್ಟದ ಕೆಲಸ, ಅದನ್ನು ಮಾಡಲು ಬೇಕಾದ ಪರಿಣತಿ ಮಾತ್ರ ಅಭ್ಯಾಸವಿಲ್ಲದೆ ಕ್ಷೀಣಿಸುತ್ತದೆ. ನಮ್ಮ ಎಕ್ಸೆಪ್ಷನ್ ಕ್ಯೂಗೆ ಈಗ ಬರುವುದೆಲ್ಲ ತೊಡಕಿನ ಬಿಲ್‌ಗಳೇ. ಮೊನ್ನೆ ಸೇರಿದವರಿಗೆ ಸುಲಭದ ಬಿಲ್ ಹೇಗಿರುತ್ತದೆ ಎಂದೇ ಗೊತ್ತಿಲ್ಲ. ಆದ್ದರಿಂದ ಹೊಸಬರು ಮೊದಲ ಕೆಲವು ವಾರ ಉಪಕರಣದ ನೆರವಿಲ್ಲದೆ ಬಿಲ್ ನಮೂದಿಸುತ್ತಾರೆ. ಟಚ್‌ಲೆಸ್ ಆಗಿ ಹೋದ ಬಿಲ್‌ಗಳಲ್ಲಿ ಒಂದಷ್ಟನ್ನು ಪ್ರತಿದಿನ ಆರಿಸಿ, ಹಿರಿಯರ ಜೊತೆ ಕುಳಿತು ತಾಳೆ ನೋಡುತ್ತಾರೆ. ಇದು ಸಮಯ ವ್ಯರ್ಥ ಎನ್ನುವ ಇಮೇಲ್‌ಗಳು ಬರುತ್ತವೆ. ನಾನು ಒಪ್ಪುವುದಿಲ್ಲ.

ರಿಸ್ಕ್ ರಿಜಿಸ್ಟರ್‌ನ ಆ ಶರಾವನ್ನು ಅಳಿಸಿ, ಅವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆಸಿದ್ದೇನೆ. ಮಿತಿಗಳನ್ನು ಬದಲಿಸುವ ಅಧಿಕಾರ ಈಗ ಯೋಜನಾ ಕಚೇರಿಯ ಬದಲು ಪ್ರೊಸೆಸರ್‌ಗಳ ಬಳಿ ಇದೆ, ಪ್ರತಿ ಬದಲಾವಣೆಗೂ ಕಾರಣ ದಾಖಲಾಗುತ್ತದೆ. ಸಿಬ್ಬಂದಿಯ ವೆಚ್ಚದ ಕ್ಲೈಮ್‌ಗಳಿಗೂ ಇದೇ ಉಪಕರಣ ಬರಲಿದೆ. ಅದರ ವಿನ್ಯಾಸ ಸಭೆಗೆ ಸಲಹೆಗಾರರಿಗಿಂತ ಮೊದಲು ಕ್ಲೈಮ್ ಪರಿಶೀಲಿಸುವ ಇಬ್ಬರನ್ನು ಕರೆಯಬೇಕು, ಪ್ಯಾರಲಲ್ ರನ್ ವರ್ಷದ ಕೊನೆಯನ್ನು ದಾಟಬೇಕು ಎಂದು ಬರೆದುಕೊಟ್ಟಿದ್ದೇನೆ. ಮೊದಲನೆಯದಕ್ಕೆ ಒಪ್ಪಿಗೆ ಸಿಕ್ಕಿದೆ. ಎರಡನೆಯದಕ್ಕೆ ಬಜೆಟ್ ಇಲ್ಲ ಎಂದಿದ್ದಾರೆ, ಆ ಚರ್ಚೆ ಇನ್ನೂ ಮುಗಿದಿಲ್ಲ.