ಟೋಕಿಯೋದ ದೋಜಿನ್‌ಶಿ ಲೋಕ: ಅಲ್ಲಿ ಓಡಾಡೋ ಮಾತುಗಳು

ಜಪಾನಲ್ಲಿ ಅಭಿಮಾನಿಗಳೇ ಬರ್ದು, ತಮ್ಮ ದುಡ್ಡಲ್ಲೇ ಪ್ರಿಂಟ್ ಹಾಕ್ಸಿ, ತಾವೇ ಮೇಜು ಹಾಕ್ಕೊಂಡು ಕೂತು ಕೊಡೋ ಪುಸ್ತಕಕ್ಕೆ ದೋಜಿನ್‌ಶಿ ಅಂತಾರೆ. ಊರಲ್ಲಿ ಫ್ರೆಂಡ್ಸ್ ಹತ್ರ ಈ ವಿಷಯ ಎತ್ತಿದ್ರೆ ಅರ್ಧ ಜನ "ಅವು ಅಶ್ಲೀಲ ಪುಸ್ತಕ ಅಲ್ವಾ" ಅಂತಾರೆ, ಇನ್ನರ್ಧ ಜನಕ್ಕೆ ಕಾಸ್‌ಪ್ಲೇ, ಅಂದ್ರೆ ಕಾಮಿಕ್ಸ್ ಪಾತ್ರಗಳ ವೇಷ ಹಾಕ್ಕೊಂಡಿರೋ ಫೋಟೋ ಮಾತ್ರ ನೆನಪಾಗತ್ತೆ. ದೊಡ್ಡವರಿಗೆ ಮಾತ್ರ ಅನ್ನೋ ಪುಸ್ತಕಗಳು ಇವೆ, ಬೇಕಾದಷ್ಟಿವೆ, ಇಲ್ಲ ಅನ್ನಲ್ಲ. ಆದ್ರೆ ಅವು ಸಿಗೋ ಮೇಳದ ಹಾಲ್‌ಗಳಲ್ಲೇ ರೈಲು, ಮಿಲಿಟರಿ, ಅಡುಗೆ, ಪ್ರವಾಸ, ಹಳೇ ಕಂಪ್ಯೂಟರ್ ಅಂತ ಒಬ್ಬೊಬ್ರು ವರ್ಷಗಟ್ಲೆ ಕೂತು ಮಾಡಿರೋ ಪುಸ್ತಕಗಳೂ ಇರ್ತವೆ, ಅದನ್ನ ಯಾರೂ ಹೇಳಲ್ಲ. ಅದಕ್ಕೇ ಬರೀತಿದೀನಿ. ಇಲ್ಲಿ ಬಳಸೋ ಪದಗಳನ್ನ ಹಿಡ್ಕೊಂಡು ಹೋದ್ರೆ ಆ ಲೋಕ ಹೇಗೆ ನಡಿಯತ್ತೆ ಅನ್ನೋದು ಚೆನ್ನಾಗಿ ಅರ್ಥ ಆಗತ್ತೆ ಅನ್ಸತ್ತೆ.

ಮೊದಲು ಸ್ವಲ್ಪ ಹಿನ್ನೆಲೆ. ದೋಜಿನ್ ಅಂದ್ರೆ ಒಂದೇ ಆಸಕ್ತಿ ಇರೋ ಜನ, ಅವರ ಪತ್ರಿಕೆ ದೋಜಿನ್‌ಶಿ. ಇದು ಶುರುವಾಗಿದ್ದು ಕಾಮಿಕ್ಸ್‌ನಿಂದ ಅಲ್ಲ, ಸಾಹಿತ್ಯದಿಂದ. 1885ರಲ್ಲಿ ಕಾದಂಬರಿಕಾರ ಓಜಾಕಿ ಕೋಯೋ ಮತ್ತವರ ಗೆಳೆಯರು ಇನ್ನೂ ವಿದ್ಯಾರ್ಥಿಗಳಾಗಿದ್ದಾಗ್ಲೇ ಗರಾಕುತಾ ಬುಂಕೊ ಅಂತ ಒಂದು ಪತ್ರಿಕೆ ಶುರು ಮಾಡಿದ್ರು, ಮೊದಮೊದಲು ಅದು ಕೈಯಲ್ಲೇ ಬರೆದು ಒಬ್ಬರಿಂದ ಒಬ್ಬರಿಗೆ ದಾಟಿಸ್ತಿದ್ದ ಪ್ರತಿ, ನಮ್ಮ ಹಾಸ್ಟೆಲ್‌ಗಳಲ್ಲಿ ಹುಡುಗ್ರು ಮಾಡ್ತಿದ್ದ ಕೈಬರಹ ಪತ್ರಿಕೆ ಥರಾನೇ. ಕಾಮಿಕ್ಸ್‌ನವರು ಈ ದಾರಿ ಹಿಡಿದಿದ್ದು ಬಹಳ ಆಮೇಲೆ.

ಈಗ ದೋಜಿನ್‌ಶಿ ಅಂದ್ರೆ ಎಲ್ಲರಿಗೂ ನೆನಪಾಗೋದು ಕಾಮಿಕ್ ಮಾರ್ಕೆಟ್ ಅನ್ನೋ ಮೇಳ, ಎಲ್ರೂ ಕರಿಯೋದು ಕೊಮಿಕೆ ಅಂತ. 1975ರ ಡಿಸೆಂಬರ್ 21ರಂದು ಟೋಕಿಯೋದ ಒಂದು ಹಾಲ್‌ನಲ್ಲಿ ಮೊದಲ್ನೇದು ನಡೀತು, ಪುಸ್ತಕ ಮಾಡೋ 32 ಗುಂಪು, ಸುಮಾರು 700 ಜನ, ಅವರಲ್ಲಿ ಬಹುಪಾಲು ಶೋಜೋ ಮಾಂಗಾ, ಅಂದ್ರೆ ಹುಡುಗೀರಿಗೆ ಅಂತ ಬರೋ ಜಪಾನಿ ಕಾಮಿಕ್ಸ್, ಓದ್ತಿದ್ದ ಶಾಲಾ ಹುಡುಗೀರು. ಆಗಿನ ಇನ್ನೊಂದು ಮಾಂಗಾ ಸಮ್ಮೇಳನದವರು ತಮ್ಮನ್ನ ಟೀಕೆ ಮಾಡಿದ ಒಬ್ಬರಿಗೆ ಪ್ರವೇಶ ಕೊಡಲ್ಲ ಅಂದಿದ್ದು ಕೂಡ ಇದು ಹುಟ್ಟೋಕೆ ಒಂದು ಕಾರಣ. ಯಾರನ್ನೂ ಹೊರಗಿಡದ ಜಾಗ ಬೇಕು ಅಂತ ಯೊನೆಜಾವಾ ಯೋಶಿಹಿರೋ ಮತ್ತವರ ಸಂಗಡಿಗರು ಕೈ ಹಾಕಿದ್ರು. ಈಗ ಅದು ವರ್ಷಕ್ಕೆ ಎರಡು ಸಲ, ಆಗಸ್ಟ್‌ನಲ್ಲಿ ಮತ್ತೆ ಡಿಸೆಂಬರ್ ಕೊನೇಲಿ, ಸಮುದ್ರದ ಪಕ್ಕ ಅರಿಯಾಕೆಯಲ್ಲಿರೋ ಟೋಕಿಯೋ ಬಿಗ್ ಸೈಟ್‌ನಲ್ಲಿ ನಡಿಯತ್ತೆ. 2019ರ ಚಳಿಗಾಲದಲ್ಲಿ ನಾಲ್ಕು ದಿನಕ್ಕೆ ಏಳೂವರೆ ಲಕ್ಷ ಜನ ಬಂದಿದ್ರು!

ಸರ್ಕಲ್ ಅಂದ್ರೆ ಪುಸ್ತಕ ಮಾಡೋ ಗುಂಪು. ಗುಂಪು ಅಂದೆ, ಆದ್ರೆ ಎಷ್ಟೋ ಸರ್ಕಲ್‌ಗಳಲ್ಲಿ ಇರೋದು ಒಬ್ರೇ. ನನ್ನ ಆಫೀಸಿನ ಸೀನಿಯರ್ ಒಬ್ರು ಹಾಗೆ ಒಬ್ರದ್ದೇ ಸರ್ಕಲ್ ನಡಸ್ತಾರೆ, ಟೋಕಿಯೋದ ಹಳೇ ಸೆಂತೋ, ಅಂದ್ರೆ ಓಣಿಗಳಲ್ಲಿರೋ ಸಾರ್ವಜನಿಕ ಸ್ನಾನದ ಮನೆಗಳ ಬಗ್ಗೆ ಚಿತ್ರ ಬರೆದು ಪುಸ್ತಕ ಮಾಡ್ತಾರೆ. ಆಫೀಸಲ್ಲಿ ಇದು ಯಾರಿಗೂ ಗೊತ್ತಿಲ್ಲ. ಪೆನ್ ನೇಮ್‌ನ ಹಿಂದೆ ಇರೋದು ಯಾರು ಅಂತ ಹೊರಗೆ ಬಿದ್ರೆ ಅದಕ್ಕೆ ಮಿಬಾರೆ ಅಂತಾರೆ, ಆ ಭಯ ತುಂಬಾ ಜನಕ್ಕಿದೆ, ಹಂಗಾಗಿ ಹಾಲ್‌ನಲ್ಲಿ ಅವರನ್ನ ಪೆನ್ ನೇಮ್‌ನಲ್ಲೇ ಕರೀಬೇಕು, ಆಫೀಸಲ್ಲಿ ಅದನ್ನ ಬಾಯಿ ಬಿಡಬಾರದು. ಅವರ ಜೊತೆ ನಾನು ಉರಿಕೊ ಆಗಿ ಕೂತಿದೀನಿ, ಉರಿಕೊ ಅಂದ್ರೆ ಮೇಜಿನ ಹಿಂದೆ ನಿಂತು ಪುಸ್ತಕ ಕೊಟ್ಟು ಚಿಲ್ಲರೆ ಕೊಡೋರು. ಮುಂದೆ ಹೇಳೋದ್ರಲ್ಲಿ ಹೆಚ್ಚಿನದು ಅಲ್ಲಿ ಕೂತು ಕಲ್ತಿದ್ದೇ.

ಜಾಗ ಬೇಕು ಅಂದ್ರೆ ತಿಂಗಳುಗಟ್ಲೆ ಮುಂಚೆ ಅರ್ಜಿ ಹಾಕ್ಬೇಕು, ಜಾಗಕ್ಕಿಂತ ಅರ್ಜಿ ಜಾಸ್ತಿ ಇರೋದ್ರಿಂದ ಆಯ್ಕೆ ನಡಿಯತ್ತೆ, ಸಿಕ್ತೋ ಇಲ್ವೋ ಅನ್ನೋ ಫಲಿತಾಂಶಕ್ಕೆ ತೋರಾಕು ಅಂತ ಹೆಸರು. ಸಿಕ್ಕಿದ್ರೆ ಅರ್ಧ ಮೇಜು, ಅಂದ್ರೆ 90 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳ, ಜೊತೆಗೆ ಮಡಚೋ ಕುರ್ಚಿ. ಅಷ್ಟೇ. ಮೇಜುಗಳನ್ನ ಉದ್ದಕ್ಕೆ ಜೋಡ್ಸಿ ಮಾಡಿದ ಸಾಲಿಗೆ ಶಿಮಾ, ದ್ವೀಪ ಅಂತಾರೆ. ಜನಪ್ರಿಯ ಸರ್ಕಲ್‌ಗಳನ್ನ ಗೋಡೆ ಪಕ್ಕ ಕೂರಿಸ್ತಾರೆ, ಯಾಕಂದ್ರೆ ಅವರ ಕ್ಯೂ ಹಾಲ್‌ನಿಂದ ಆಚೆ ಹೋಗೋಕೆ ದಾರಿ ಬೇಕು, ಅವರೇ ಕಾಬೆ ಸರ್ಕಲ್, ಗೋಡೆಯವರು. ದ್ವೀಪದ ತುದಿಯ ಜಾಗಕ್ಕೆ ತಂಜೋಬಿ ಸೆಕಿ, ಹುಟ್ಟುಹಬ್ಬದ ಸೀಟು, ಅಂತ ಹೆಸರು. ಪಾರ್ಟೀಲಿ ಹುಟ್ಟುಹಬ್ಬದವರು ಮೇಜಿನ ತುದೀಲಿ ಕೂರ್ತಾರಲ್ಲ, ಅದಕ್ಕೆ.

ಜಾಗ ಸಿಕ್ಕಿದ ಮೇಲೆ ಶುರುವಾಗೋದು ಗೆಂಕೋ, ಅಂದ್ರೆ ಪುಟಗಳ ಕೆಲಸ. ಇಲ್ಲಿ ದೋಜಿನ್‌ಶಿಗೆ ಅಂತಾನೇ ಇರೋ ಪ್ರಿಂಟಿಂಗ್ ಪ್ರೆಸ್‌ಗಳಿವೆ, ಫೈಲ್ ಒಪ್ಸೋದಕ್ಕೆ ನ್ಯೂಕೋ ಅಂತಾರೆ, ಬೇಗ ಕೊಟ್ರೆ ಹಯಾವಾರಿ ಅಂತ ರಿಯಾಯಿತಿ, ತಡ ಆದ್ರೆ ವಾರಿಮಾಶಿ, ಅಂದ್ರೆ ಜಾಸ್ತಿ ದುಡ್ಡು. ಎಲ್ಲ ಡೆಡ್‌ಲೈನೂ ದಾಟಿ ನಿದ್ದೆ ಬಿಟ್ಟು ಕೂರೋ ಆ ಕೊನೇ ದಿನಗಳಿಗೆ ಶುರಾಬಾ ಅಂತಾರೆ, ಅದರಲ್ಲಿರೋ ಶುರಾ ನಮ್ಮ ಅಸುರನೇ, ಬೌದ್ಧ ಧರ್ಮದ ಜೊತೆ ಇಲ್ಲಿಗೆ ಬಂದವನು, ಅಸುರರು ಇಂದ್ರನ ಜೊತೆ ಕಾದಾಡಿದ ರಣರಂಗ ಅಂತ ಮೂಲ. ಆಗಿಲ್ಲ ಅಂದ್ರೆ ಪುಸ್ತಕ ಓಚಿತಾ, ಬಿದ್ದೋಯ್ತು. ಅಥವಾ ಕೊಪಿ ಬೊನ್: ಹಿಂದಿನ ರಾತ್ರಿ ಅಂಗಡಿಯ ಜೆರಾಕ್ಸ್ ಮಿಷನ್‌ನಲ್ಲಿ ತೆಗೆದು, ಮಡಚಿ, ಸ್ಟೇಪ್ಲರ್ ಪಿನ್ ಹೊಡೆದಿದ್ದು. ನನಗೆ ಇವೇ ಜಾಸ್ತಿ ಇಷ್ಟ, ನಿಜ ಹೇಳ್ಬೇಕು ಅಂದ್ರೆ. ಅಂಚು ಸ್ವಲ್ಪ ಸೊಟ್ಟಗೆ ಇರತ್ತೆ, ಒಂದೊಂದು ಪ್ರತೀನೂ ಅವರ ಕೈಯಿಂದಾನೇ ಬಂದಿರತ್ತೆ.

ಪ್ರೆಸ್‌ನಲ್ಲಿ ಆದ ಪುಸ್ತಕಗಳು ನೇರವಾಗಿ ಹಾಲ್‌ಗೇ ಹೋಗ್ತವೆ. ಬೆಳಿಗ್ಗೆ ಹೋಗಿ ನೋಡಿದ್ರೆ ನಿಮ್ಮ ಮೇಜಿನ ಕೆಳಗೆ ಬಾಕ್ಸ್ ಕಾಯ್ತಿರತ್ತೆ, ಅದನ್ನ ಬಿಚ್ಚಿ ತನ್ನ ಪುಸ್ತಕವನ್ನ ಮೊದಲ್ನೇ ಸಲ ಕೈಯಲ್ಲಿ ಹಿಡಿಯೋದು ಅಲ್ಲೇ. ಹೊಸಾದು ಶಿಂಕಾನ್, ಹಳೇದು ಕಿಕಾನ್, ಫ್ರೀ ಕೊಡೋದು ಮುಹಾಯಿ. ಪ್ರತಿ ಶಿಂಕಾನ್‌ನ ಒಂದು ಪ್ರತಿನ ಸಂಘಟಕರಿಗೆ ಕೊಡ್ಬೇಕು, ಅದು ಮಿಹೊನ್‌ಶಿ. ಪುಸ್ತಕದ ಕೊನೇಲಿ ಓಕುಜುಕೆ ಇರ್ಲೇಬೇಕು: ಯಾವತ್ತು ಪ್ರಕಟ ಆಯ್ತು, ಯಾವ ಸರ್ಕಲ್, ಸಂಪರ್ಕಿಸೋದು ಹೇಗೆ, ಯಾವ ಪ್ರೆಸ್. ಇಪ್ಪತ್ತು ಪುಟದ ಪುಸ್ತಕ ಆದ್ರೂ ಇದನ್ನ ಮಾಡಿದೋನು ನಾನು, ಪ್ರಶ್ನೆ ಇದ್ರೆ ನನ್ನನ್ನ ಕೇಳಿ ಅಂತ ನಿಂತ್ಕೋಬೇಕು. ಈ ನಿಯಮದ ಬಗ್ಗೆ ನನಗೆ ತುಂಬಾ ಗೌರವ ಇದೆ.

ಇನ್ನೊಂದು ಮುಖ್ಯವಾದ ಮಾತು ಸಂಕಾ, ಭಾಗವಹಿಸೋದು. ಪುಸ್ತಕ ಮಾಡೋರದ್ದು ಸರ್ಕಲ್ ಸಂಕಾ, ಕೊಳ್ಳೋಕೆ ಬರೋರದ್ದು ಇಪ್ಪನ್ ಸಂಕಾ, ಸಾವಿರಾರು ಸ್ವಯಂಸೇವಕರದ್ದು ಸ್ಟಾಫ್ ಸಂಕಾ. ಕೊಮಿಕೆಯಲ್ಲಿ ಗಿರಾಕಿ ಅನ್ನೋರೇ ಇಲ್ಲ, ಎಲ್ರೂ ಭಾಗವಹಿಸೋರೇ ಅಂತ ಸಂಘಟಕರು ಮೊದಲಿಂದ ಹೇಳ್ಕೊಂಡು ಬಂದಿದಾರೆ. ಹಂಗಾಗಿ ಮಾರಾಟ ಅನ್ನೋ ಬದಲು ಹನ್‌ಪು, ಹಂಚೋದು, ಅಂತಾರೆ. ದುಡ್ಡು ತಗೋತಾರಲ್ಲ, ಹೆಸರು ಬದಲಾಯ್ಸಿದ್ರೆ ಏನು ಬಂತು ಅಂತ ಯಾರಾದ್ರೂ ಕೇಳ್ಬಹುದು. ಅಲ್ಲಿ ಒಂದು ದಿನ ನಿಂತ್ರೆ ಗೊತ್ತಾಗತ್ತೆ. ಬಹುಪಾಲು ಸರ್ಕಲ್‌ಗಳಿಗೆ ಹಾಕಿದ ದುಡ್ಡೂ ವಾಪಸ್ ಬರಲ್ಲ. ನಮ್ಮ ಸೀನಿಯರ್ ಮೇಜಿಗೆ ಬಂದ ಒಬ್ರು ವಯಸ್ಸಾದವರು ಮೊದಲು "ನೋಡ್ಬಹುದಾ" ಅಂತ ಕೇಳಿ, ಎರಡೂ ಕೈಯಲ್ಲಿ ಪುಸ್ತಕ ತಗೊಂಡು, ಒಂದು ಪುಟದಲ್ಲಿ ನಿಂತು, ಈ ಸೆಂತೋಗೆ ನಮ್ಮಪ್ಪ ಕರ್ಕೊಂಡು ಹೋಗ್ತಿದ್ರು, ಈಗ ಅಲ್ಲಿ ಅಪಾರ್ಟ್‌ಮೆಂಟ್ ಇದೆ ಅಂದ್ರು, ಇಬ್ರೂ ಅದರ ಗೋಡೆ ಮೇಲಿದ್ದ ಫುಜಿ ಬೆಟ್ಟದ ಚಿತ್ರದ ಬಗ್ಗೆ ಮಾತಾಡ್ತಾನೇ ಇದ್ರು, ಹಿಂದೆ ಕಾಯ್ತಿದ್ದೋರೂ ಕಿವಿಗೊಟ್ಟು ಕೇಳಿಸ್ಕೋತಿದ್ರು. ಅಂಗಡಿ ಕೌಂಟರ್‌ನಲ್ಲಿ ಇದು ನಡಿಯಲ್ಲ.

ಕ್ಯೂ ಬಗ್ಗೆನೂ ಹೇಳ್ಬೇಕು. ರಾತ್ರಿಯೆಲ್ಲ ಬಂದು ಕಾಯೋದು ನಿಷೇಧ, ಹಾಗೆ ಕಾಯೋರನ್ನ ತೆತ್ಸುಯಾ ಗುಮಿ ಅಂತ ಬೈತಾರೆ, ಬೆಳಗಿನ ಮೊದಲ ಟ್ರೈನಲ್ಲಿ ಬರೋದು ಶಿಹಾತ್ಸು. ಒಳಗೆ ಪ್ರತಿ ಉದ್ದ ಕ್ಯೂನ ಕೊನೇಲಿ ನಿಂತೋರ ಕೈಯಲ್ಲಿ ಸೈಕೋಬಿ, ಅಂದ್ರೆ ಇದೇ ಕೊನೆ ಅಂತ ಬರೆದ ಬೋರ್ಡ್ ಇರತ್ತೆ. ನೀವು ಬಂದ ತಕ್ಷಣ ನಾನು ಹಿಡ್ಕೋತೀನಿ ಅಂತ ಅದನ್ನ ಇಸ್ಕೋಬೇಕು, ಮುಂದೆ ಬಂದೋರು ನಿಮ್ಮಿಂದ ಇಸ್ಕೋತಾರೆ. ನಿಮಗೆ ಇಷ್ಟದ ಕಲಾವಿದರಿಗೆ ತಿಂಡಿ ಒಯ್ಯೋದು ಸಾಶಿಇರೆ. ಒಂದೊಂದೇ ಪ್ಯಾಕ್ ಆಗಿರ್ಬೇಕು, ಕೈಗೆ ಅಂಟಬಾರದು, ಯಾಕಂದ್ರೆ ಅದೇ ಕೈಯಲ್ಲಿ ಪುಸ್ತಕ ಮುಟ್ತಾರೆ. ನಾನು ಎಳ್ಳಿನ ಚಿಕ್ಕಿ ಒಯ್ದಿದ್ದೆ, ಅಕ್ಕಪಕ್ಕದ ಮೇಜಿನವರಿಗೂ ಹಂಚಿದ್ವಿ.

ಕಾನೂನಿನ ಮಾತು ಬಿಡೋ ಹಾಗಿಲ್ಲ. ತಮ್ಮದೇ ಪಾತ್ರ, ತಮ್ಮದೇ ಕಥೆ ಆದ್ರೆ ಇಚಿಜಿ ಸೋಸಾಕು, ಬೇರೆಯವರ ಪಾತ್ರ ತಗೊಂಡು ಬರೆದ್ರೆ ನಿಜಿ ಸೋಸಾಕು. ಈ ಎರಡನೇದು ಕಾಪಿರೈಟ್ ಪ್ರಕಾರ ಗಟ್ಟಿ ನೆಲದ ಮೇಲೆ ನಿಂತಿಲ್ಲ. ಆದ್ರೆ ಇದು ಇಲ್ಲಿ ಶಿಂಕೊಕುಜಾಯಿ, ಹಕ್ಕುದಾರರು ದೂರು ಕೊಟ್ರೆ ಮಾತ್ರ ಕ್ರಿಮಿನಲ್ ಕೇಸ್, ಬಹಳಷ್ಟು ಪ್ರಕಾಶಕರು ದೂರು ಕೊಡಲ್ಲ. ಹಾಗಂತ ಯಾವತ್ತೂ ಏನೂ ಆಗಿಲ್ಲ ಅಂತಲ್ಲ, 1999ರಲ್ಲಿ ಪೋಕೆಮಾನ್ ಪಾತ್ರಗಳ ಪುಸ್ತಕ ಮಾಡಿದ್ದ ಒಬ್ಬರ ಬಂಧನ ಆಗಿ ಎಲ್ರೂ ಬೆಚ್ಚಿಬಿದ್ರು. 2018ರ ಡಿಸೆಂಬರ್ 30ಕ್ಕೆ ಕಾನೂನು ಬದಲಾಗಿ ಕೆಲವು ಬಗೆಯ ಕಾಪಿಗೆ ದೂರು ಇಲ್ದೇನೂ ಕೇಸ್ ಹಾಕ್ಬಹುದು ಅಂತಾಯ್ತು, ಆದ್ರೆ ಮೂಲವನ್ನ ಹಾಗೇ ನಕಲು ಮಾಡಿ ದುಡ್ಡು ಮಾಡೋರಿಗೆ ಮಾತ್ರ ಅನ್ವಯ ಆಗೋ ಹಾಗೆ ಬರೆದಿರೋದ್ರಿಂದ ದೋಜಿನ್‌ಶಿ ಸಾಮಾನ್ಯವಾಗಿ ಅದರೊಳಗೆ ಬರಲ್ಲ. ಮಾಂಗಾ ಕಲಾವಿದ ಅಕಾಮಾತ್ಸು ಕೆನ್ 2013ರಲ್ಲೇ ದೋಜಿನ್ ಮಾರ್ಕ್ ಅಂತ ಒಂದು ಚಿಹ್ನೆ ತರೋಕೆ ಓಡಾಡಿದ್ರು, ನನ್ನ ಕೃತಿ ಮೇಲೆ ದೋಜಿನ್‌ಶಿ ಮಾಡಿದ್ರೆ ನನಗೆ ಅಭ್ಯಂತರ ಇಲ್ಲ ಅಂತ ಮೂಲ ಲೇಖಕರೇ ಹೇಳೋ ಗುರುತು ಅದು. 2022ರಲ್ಲಿ ಅವರು ಸಂಸತ್ತಿನ ಮೇಲ್ಮನೆಗೇ ಆರಿಸಿ ಬಂದ್ರು. ಪ್ರಕಾಶಕರು ಸುಮ್ನಿರೋಕೆ ಕಾರಣ ಹುಡ್ಕೋದೂ ಕಷ್ಟ ಅಲ್ಲ. ಕ್ಲ್ಯಾಂಪ್ ಅನ್ನೋ ಹೆಸರಾಂತ ಮಾಂಗಾ ಕಲಾವಿದೆಯರ ಗುಂಪು ಬೆಳೆದಿದ್ದು ಈ ಮೇಜುಗಳಿಂದಾನೇ, ಫೇಟ್ ಅನ್ನೋ ಗೇಮ್ ಸರಣಿ ಮಾಡಿದ ಟೈಪ್‌ಮೂನ್ ಕೂಡ 2000ದ ಚಳಿಗಾಲದ ಕೊಮಿಕೆಯಲ್ಲಿ ತಮ್ಮ ಮೊದಲ ಗೇಮ್ ಹಂಚಿದ ದೋಜಿನ್ ಸರ್ಕಲ್ಲೇ.

ಊರಿಂದ ಬರೋರು, ಅದರಲ್ಲೂ ಚಿತ್ರ ಬರೆಯೋ ಹುಡುಗ್ರು, ಕೊಮಿಕೆಗಿಂತ ಮೊದಲು ಕೊಮಿತಿಯಾ ಅನ್ನೋ ಇನ್ನೊಂದು ಮೇಳಕ್ಕೆ ಹೋಗಿ ಅಂತ ನನ್ನ ಸಲಹೆ. 1984ರಿಂದ ನಡೀತಿದೆ, ಟೋಕಿಯೋದಲ್ಲಿ ವರ್ಷಕ್ಕೆ ನಾಲ್ಕು ಸಲ, ಇಚಿಜಿ ಸೋಸಾಕು ಮಾತ್ರ. ಕೊಮಿಕೆಯಷ್ಟು ನೂಕುನುಗ್ಗಲು ಇರಲ್ಲ, ಪ್ರಕಾಶನ ಸಂಸ್ಥೆಗಳ ಸಂಪಾದಕರೇ ಮೇಜು ಹಾಕ್ಕೊಂಡು ಕೂತಿರ್ತಾರೆ, ನಿಮ್ಮ ಪುಟಗಳನ್ನ ತೋರ್ಸಿದ್ರೆ ಅಲ್ಲೇ ನೋಡಿ ಹೇಳ್ತಾರೆ, ಜಪಾನೀಸ್ ಬರಲ್ಲ ಅಂದ್ರೆ ಬರೋ ಒಬ್ರನ್ನ ಜೊತೆ ಕರ್ಕೊಂಡು ಹೋಗಿ. ಎರಡಕ್ಕೂ ಟಿಕೆಟ್ ಯಾವಾಗ ಹೇಗೆ ಕೊಡ್ತಾರೆ ಅಂತ ವಿಮಾನ ಬುಕ್ ಮಾಡೋಕೆ ಮುಂಚೆನೇ ನೋಡ್ಕೊಳ್ಳಿ. ಹತ್ತು ಸಾವಿರ ಯೆನ್ ನೋಟು ಒಯ್ಯಬೇಡಿ, ಚಿಲ್ಲರೆ ಕೊಡೋಕೆ ಅವರಿಗೆ ತುಂಬಾ ಕಷ್ಟ ಆಗತ್ತೆ, ಸಾವಿರದ ನೋಟು ಮತ್ತೆ 500ರ ನಾಣ್ಯ ಒಂದು ಪರ್ಸ್ ತುಂಬಾ ಇಟ್ಕೊಳ್ಳಿ. ಮೇಜಿನ ಫೋಟೋ ತೆಗೆಯೋಕೆ ಮುಂಚೆ ಕೇಳಿ. ಪುಸ್ತಕ ಇಷ್ಟ ಆದ್ರೆ ಆಮೇಲೆ ಓಕುಜುಕೆಯಲ್ಲಿರೋ ವಿಳಾಸಕ್ಕೆ ಎರಡು ಸಾಲು ಬರೀರಿ, ಇಂಗ್ಲಿಷಲ್ಲಿ ಆದ್ರೂ ಸರಿ. ನಮ್ಮ ಸೀನಿಯರ್ ಅಂಥ ಒಂದೊಂದನ್ನೂ ಪ್ರಿಂಟ್ ತೆಗೆದು ಫೈಲ್ ಮಾಡಿ ಇಟ್ಟಿದಾರೆ.